ಬಣ್ಣ ಬಳಿಯುವುದು ಕೊನೆಯ ಕೆಲಸ



ಕಿನ್ನಾಳ ಎಂದೊಡನೆ ಬಹುಜನರ ನೆನಪಿಗೆ ಬರುವುದು ಅಲ್ಲಿನ ಚಿತ್ರಗಾರರು ಮಾಡುವ ಬಣ್ಣದ ಗೊಂಬೆಗಳು, ದೇವರ ಪಲ್ಲಕ್ಕಿಗಳು ಮತ್ತು ವಾಹನಗಳು. ಕೊಪ್ಪಳ ತಾಲೂಕಿನ ಈ ಗ್ರಾಮಕ್ಕೆ ನಾನು ಹಲವು ಬಾರಿ ಹೋಗಿದ್ದೇನೆ. ಈ ಸಲ ಹೋದದ್ದು ಮಾತ್ರ ಬೇರೊಂದು ಬಗೆಯ ವಾಹನವನ್ನು ನೋಡಲು. ಮಠದ ಹಳೆಯ ಭಕ್ತರ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಇಪ್ಪತ್ತು ವರ್ಷ ತುಕ್ಕು ಹಿಡಿದು ನಿಂತಿದ್ದ ಜೀಪು ಈಗ ರಸ್ತೆಗೆ ಇಳಿದಿದೆ ಎಂಬ ಸುದ್ದಿ ಬಂದಿತ್ತು. ಆ ಜೀಪಿನ ವಿಷಯದಲ್ಲಿ ಹಿಂದೊಮ್ಮೆ ನಾನು ಸಲಹೆಯೊಂದನ್ನು ಕೊಟ್ಟಿದ್ದೆ. ಆ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ತಿಂಗಳ ಬರಹವನ್ನು ಮೀಸಲಿಡುತ್ತಿದ್ದೇನೆ.

ಕಿರಿಯರಿಗಾಗಿ ಜೀಪಿನ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಇಂಥ ಆರು ಲಕ್ಷಕ್ಕೂ ಮಿಕ್ಕ ವಾಹನಗಳನ್ನು ನಿರ್ಮಿಸಿದವು. ಯುದ್ಧ ಮುಗಿದ ಮೇಲೆ ಅದೇ ವಾಹನ ರೈತರ ಮತ್ತು ಅಧಿಕಾರಿಗಳ ಕೈಗೆ ಬಂತು. ಭಾರತದಲ್ಲಿ ೧೯೪೫ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾಗಿ, ೧೯೪೮ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಎಂಬ ಹೆಸರು ತಳೆದ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಸಿಜೆ ೩ಬಿ ಎಂಬ ಮಾದರಿಯು ಹಲವು ದಶಕಗಳ ಕಾಲ ನಮ್ಮ ದೇಶದಲ್ಲಿಯೇ ತಯಾರಾಯಿತು. ಕಿನ್ನಾಳದ ಜೀಪು ೧೯೬೦ರ ದಶಕದ ಅದೇ ಮಾದರಿಯದು. ಅದರ ಮೂತಿ ಯುದ್ಧಕಾಲದ ಜೀಪಿಗಿಂತ ಎತ್ತರ. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಒಳಸೇರುವ ಕವಾಟಗಳನ್ನು ಮೇಲ್ಭಾಗಕ್ಕೆ ಏರಿಸಿದ್ದರಿಂದ ಮುಚ್ಚಳವನ್ನೂ ಎತ್ತರಿಸಬೇಕಾಯಿತು. ಚಾಲಕನ ಬಲಿಯಲ್ಲಿ ಗೇರಿನ ಕೋಲಿನ ಜೊತೆಗೆ ಇನ್ನೆರಡು ಚಿಕ್ಕ ಕೋಲುಗಳಿರುತ್ತವೆ. ಒಂದು ಮುಂದಿನ ಗಾಲಿಗಳಿಗೂ ಬಲವನ್ನು ಕೂಡಿಸುವುದು, ಇನ್ನೊಂದು ವೇಗವನ್ನು ತಗ್ಗಿಸಿ ಎಳೆಯುವ ಶಕ್ತಿಯನ್ನು ಹೆಚ್ಚಿಸುವುದು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಬಂಡಿಗಳೇ ಹೂತುಹೋಗುವ, ಹಿರೇಹಳ್ಳ ತುಂಬಿದರೆ ಊರೂರ ಸಂಪರ್ಕ ಕಡಿಯುತ್ತಿದ್ದ ನಮ್ಮ ಸೀಮೆಯಲ್ಲಿ ಈ ಎರಡು ಕೋಲುಗಳ ಬೆಲೆಯನ್ನು ಬಲ್ಲವರೇ ಬಲ್ಲರು.

ಆ ಮನೆಯ ಹಿರಿಯರು ಈ ಜೀಪನ್ನು ಹರಾಜಿನಲ್ಲಿ ಕೊಂಡವರು. ೧೯೭೨ರ ಬರಗಾಲದಲ್ಲಿ ನಾನು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಬಾಲಕ. ನಿಲಯದ ಕಣಜ ಬರಿದಾದಾಗ ಆ ಹಿರಿಯರು ತಮ್ಮ ಜೀಪನ್ನು ತೆಗೆದುಕೊಂಡು, ಕಾಳು ಉಳಿದಿದ್ದ ಊರುಗಳನ್ನು ಹುಡುಕಿ, ಸೇರು ಎರಡು ಸೇರು ಕೂಡಿಸಿ ಜೋಳ ತಂದರು. ಚೀಲ ಹಿಡಿಯಲು ನಾವು ಇಬ್ಬರು ಮೂವರು ಹುಡುಗರು ಹಿಂದೆ ಕುಳಿತಿರುತ್ತಿದ್ದೆವು. ಒಂದು ದಿನ ಕತ್ತಲಲ್ಲಿ ಬಂಡೆಗೆ ತಾಗಿ ಎಡಗಡೆಯ ಮಡ್‌ಗಾರ್ಡು ನಗ್ಗಿತು. ಹಿರಿಯರು ಇಳಿದು ನೋಡಿ, "ಜೋಳ ಚೆಲ್ಲಿಲ್ಲವಷ್ಟೆ?" ಎಂದು ಕೇಳಿ ಮತ್ತೆ ಹೊರಟರು. ಆ ನಗ್ಗು ಹಾಗೆಯೇ ಉಳಿಯಿತು. ಪೆಟ್ರೋಲು ದುಬಾರಿಯಾಗಲು, ೧೯೮೦ರ ದಶಕದಲ್ಲಿ ಎಲ್ಲರೂ ಮಾಡಿದಂತೆ ಅವರೂ ಮೂಲ ಎಂಜಿನ್ನನ್ನು ತೆಗೆಸಿ ಡೀಸೆಲ್ ಎಂಜಿನ್ ಕೂಡಿಸಿದರು. ತೆಗೆದದ್ದನ್ನು ಮಾರದೆ ಹಿತ್ತಿಲ ಕೋಣೆಯಲ್ಲಿ ಗೋಣಿತಟ್ಟು ಹೊದಿಸಿ ಇರಿಸಿದರು.

ಹಿರಿಯರು ಲಿಂಗೈಕ್ಯರಾದ ಮೇಲೆ ಜೀಪು ನಿಂತಿತು. ಡೀಸೆಲ್ ಎಂಜಿನ್ನಿನ ಬ್ಲಾಕು ಸೀಳಿತ್ತು. ಹನ್ನೆರಡು ವರ್ಷಗಳ ಹಿಂದೆ ಅವರ ಮಕ್ಕಳು ನನ್ನಲ್ಲಿಗೆ ಬಂದು, "ಇಟ್ಟುಕೊಳ್ಳೋಣವೆ, ಗುಜರಿಗೆ ಕೊಡೋಣವೆ?" ಎಂದು ಕೇಳಿದರು. ನಾನು ಶಾಸ್ತ್ರ ಓದಿದವನ ಗತ್ತಿನಲ್ಲಿ, "ಕಬ್ಬಿಣದ ಮೇಲೆ ಮೋಹವೇಕೆ? ಕೊಟ್ಟುಬಿಡಿ" ಎಂದೆ. ಹಿರಿಯ ಮಗನಿಗೆ ಅದು ಒಪ್ಪಿಗೆಯಾಯಿತು. ಆದರೆ ಮನೆಯ ತಾಯಿ ಮಾತ್ರ, "ಅವರು ಇಟ್ಟ ಎಂಜಿನ್ನು ಇನ್ನೂ ಕೋಣೆಯಲ್ಲಿದೆ" ಎಂದು ಒಂದೇ ಮಾತು ಹೇಳಿದರಂತೆ. ಜೀಪು ಅಂಗಳದಲ್ಲಿಯೇ ಉಳಿಯಿತು.

ಮೂರು ವರ್ಷಗಳ ಹಿಂದೆ ಕಿರಿಯ ಮಗ ಅದನ್ನು ಸರಿಪಡಿಸಲು ನಿಶ್ಚಯಿಸಿದ. ಮೊದಲ ಯತ್ನ ಕೆಟ್ಟಿತು. ದೂರದ ನಗರದ ಕಾರ್ಯಾಗಾರವೊಂದರಲ್ಲಿ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಲಪ್ಪ ತುಂಬಿ, ಉಜ್ಜಿ, ಕನ್ನಡಿಯಂತೆ ಹೊಳೆಯುವ ಬಣ್ಣ ಹೊಡೆದು ಕಳುಹಿಸಿದರು. ಮನೆಯವರು ಆರತಿ ಎತ್ತಿ ಬರಮಾಡಿಕೊಂಡರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು, ಬೆರಳಿನಿಂದ ಒತ್ತಿದರೆ ತಗಡು ಒಳಕ್ಕೆ ಹೋಗುವಂತಾಯಿತು. ಬ್ರೇಕಂತೂ ಮೊದಲಿನಿಂದಲೂ ಇರಲಿಲ್ಲ. ಹಣ ಹೋಯಿತು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು.

ಕಿರಿಯವನ ಕಣ್ಣು ತೆರೆಯಿಸಿದವರು ಅವನ ಓಣಿಯ ಹಿಂದೆಯೇ ಇರುವ ವೃದ್ಧ ಚಿತ್ರಗಾರರು. ಅವರು ಜೀಪನ್ನು ನೋಡಿ, "ನೀವು ನಮ್ಮ ಊರಲ್ಲಿ ಹುಟ್ಟಿಯೂ ಬಣ್ಣವನ್ನು ಮೊದಲು ಬಳಿಸಿದಿರಲ್ಲ" ಎಂದರಂತೆ. ಕಿನ್ನಾಳದ ಕೆಲಸದ ಕ್ರಮ ನಿಮಗೂ ತಿಳಿದಿರಲಿ. ಹಗುರವಾದ ಮರವನ್ನು ಚೆನ್ನಾಗಿ ಒಣಗಿಸಿ, ಬಾಚಿಯಿಂದ ಕೆತ್ತಿ, ಅಂಗಾಂಗಗಳನ್ನು ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯೊಡನೆ ಕಲಸಿದ ಕಿಟ್ಟದಿಂದ ಸಂದುಗಳನ್ನು ತುಂಬುತ್ತಾರೆ. ಆಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಹುಣಸೆಸರಿಯಿಂದ ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಇಷ್ಟೆಲ್ಲ ಮುಗಿದು, ಒಣಗಿದ ಮೇಲೆ ಬಣ್ಣ. ಹಳೆಯ ಪಲ್ಲಕ್ಕಿ ರಿಪೇರಿಗೆ ಬಂದಾಗ ಹುಳು ತಿಂದ ಮರದ ಮೇಲೆ ಕಿಟ್ಟ ಹಚ್ಚುವುದಿಲ್ಲವೆಂದೂ, ಗಟ್ಟಿ ಮರ ಸಿಗುವವರೆಗೆ ಕೆರೆಯುತ್ತೇವೆಂದೂ ಅವರು ಹೇಳಿದರು. ಒಳಗಿನ ತುಕ್ಕನ್ನು ಕೆರೆಯದೆ ಹಣೆಗೆ ವಿಭೂತಿಯನ್ನಷ್ಟೇ ಧರಿಸಿಕೊಂಡು ಸಭೆಗೆ ಬರುವ ನಮ್ಮಂಥವರಿಗೂ ಈ ಮಾತು ಅನ್ವಯಿಸದೆ ಇರದು.

ಎರಡನೆಯ ಯತ್ನವನ್ನು ಕೊಪ್ಪಳದ ವಯೋವೃದ್ಧ ಮೆಕ್ಯಾನಿಕರೊಬ್ಬರು ಕೈಗೆತ್ತಿಕೊಂಡರು. ಅವರು ಹಾಕಿದ ಷರತ್ತು ಒಂದೇ: ಬಣ್ಣದ ಮಾತನ್ನು ಯಾರೂ ಎತ್ತಬಾರದು. ಮೊದಲು ಮೈಕಟ್ಟನ್ನು ಇಳಿಸಿ ಚಾಸಿಯನ್ನು ಬರಿದು ಮಾಡಿದರು. ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟಿ, ನಾದ ಬದಲಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಕೊಳೆತ ಭಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ಉಕ್ಕನ್ನು ಬೆಸೆದರು. ಬಳಿಕ ಬ್ರೇಕು. ಆ ಕಾಲದ ಜೀಪಿನಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಮೂಲದಿಂದ ಬ್ರೇಕಿನ ಎಣ್ಣೆ ಹರಿಯುತ್ತದೆ. ಒಂದೆಡೆ ಸೋರಿದರೆ ನಾಲ್ಕೂ ಬ್ರೇಕುಗಳು ಕೈಕೊಡುತ್ತವೆ. ಆದ್ದರಿಂದ ಕೊಳವೆ, ರಬ್ಬರು, ಸಿಲಿಂಡರುಗಳನ್ನು ಒಂದನ್ನೂ ಬಿಡದೆ ಹೊಸದು ಮಾಡಿದರು. "ಮೂಲದ್ದೇ ಇರಲಿ ಎಂಬ ಹಟವನ್ನು ಬ್ರೇಕಿನಲ್ಲಿ ಮಾಡಬಾರದು" ಎಂಬುದು ಅವರ ಸಿದ್ಧಾಂತ.

ಅನಂತರ ಕೋಣೆಯಲ್ಲಿದ್ದ ಎಂಜಿನ್ ಹೊರಬಂತು. ನಾಲ್ಕು ಸಿಲಿಂಡರಿನ, ಸುಮಾರು ೨.೨ ಲೀಟರಿನ ಆ ಎಂಜಿನ್ ನಲವತ್ತು ವರ್ಷ ಅಲುಗದೆ ಬಿಗಿದುಕೊಂಡಿತ್ತು. ಪ್ಲಗ್ಗುಗಳನ್ನು ಬಿಚ್ಚಿ, ಒಳಗೆ ಎಣ್ಣೆ ಎರೆದು ಬಿಟ್ಟರು. ದಿನಕ್ಕೊಮ್ಮೆ ಬಂದು ಹ್ಯಾಂಡಲಿಗೆ ಕೈಯಿಂದ ಹದವಾಗಿ ಬಲ ಕೊಟ್ಟು ನೋಡುವರು, ಅಲುಗದಿದ್ದರೆ ಸುಮ್ಮನೆ ಹೋಗುವರು. ಹನ್ನೊಂದನೆಯ ದಿನ ಅದು ಒಂದು ಬೆರಳಿನಷ್ಟು ತಿರುಗಿತು. ಬಲ ಪ್ರಯೋಗಿಸಿದ್ದರೆ ರಿಂಗುಗಳು ಮುರಿದು ಸಿಲಿಂಡರು ಗೀರುಬೀಳುತ್ತಿತ್ತು. ಬಿಚ್ಚಿ, ಸಿಲಿಂಡರುಗಳನ್ನು ಕೊರೆಯಿಸಿ, ಹೊಸ ಪಿಸ್ಟನ್ನು ರಿಂಗುಗಳನ್ನು ಕೂಡಿಸಿ, ಕವಾಟಗಳನ್ನು ಅರೆದು ಕೂರಿಸುವಷ್ಟರಲ್ಲಿ ಐದು ತಿಂಗಳು ಕಳೆದವು. ಹನ್ನೆರಡನೆಯ ಶತಮಾನದ ಬಾಚಿಕಾಯಕದ ಬಸವಯ್ಯಗಳಿಗೆ ಕೈಯ ಉಪಕರಣವೇ ಹೆಸರಾಯಿತು. ಎಣ್ಣೆ ಮೆತ್ತಿದ ಕೈಯ ಈ ವೃದ್ಧರನ್ನು ನೋಡಿದಾಗ ನನಗೆ ಅವರ ನೆನಪು ಬಂದದ್ದು ಅಸಹಜವಲ್ಲ.

ಇಲ್ಲಿ ಒಂದು ವಿಚಾರ ಎದುರಾಯಿತು. ಮೂಲಸ್ಥಿತಿ ಎಂದರೆ ಯಾವುದು? ಕೇಂದ್ರ ಸರಕಾರ ೨೦೨೧ರಲ್ಲಿ ಪುರಾತನ ವಾಹನಗಳಿಗಾಗಿ ನಿಯಮ ರೂಪಿಸಿದೆ. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿರಬೇಕು, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಇರಬಾರದು. ನೋಂದಣಿ ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು. ಆದರೆ ಅಂಥ ವಾಹನವನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಿರಿಯ ಮಗ ಅದಕ್ಕೆ ಮನಸೋತಿದ್ದ. ತಾಯಿ ಕೇಳಿದರು: "ಹಾಗಾದರೆ ಜಾತ್ರೆಗೆ ರೊಟ್ಟಿ ಒಯ್ಯುವಂತಿಲ್ಲವೆ?" ಪ್ರತಿವರ್ಷ ಜನವರಿಯ ಸುಮಾರಿಗೆ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರುಗಳಿಂದ ದಾಸೋಹಕ್ಕೆಂದು ಜೋಳದ ರೊಟ್ಟಿ, ದವಸಧಾನ್ಯಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೋಗುವುದನ್ನು ನೀವು ಕಂಡಿದ್ದೀರಿ. ಆ ಒಂದು ಪ್ರಶ್ನೆಯಿಂದ ನಿರ್ಣಯವಾಯಿತು. ಐದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು, ಎಂಜಿನ್ ಬದಲಾವಣೆಯನ್ನು ಪುಸ್ತಕದಲ್ಲಿ ದಾಖಲು ಮಾಡಿಸಿದರು.

ಬದಲಿಸಿದ ಪ್ರತಿಯೊಂದು ಭಾಗವನ್ನೂ, ಬದಲಿಸಿದ ಕಾರಣವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿದ್ದಾರೆ. ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಅದೇ. ಹೊಸದನ್ನು ಹಳೆಯದೆಂದು ತೋರಿಸುವ ಕಪಟ ಅದರಲ್ಲಿಲ್ಲ. ಬಣ್ಣ ಕೊನೆಗೆ ಬಂತು, ಹೊಳಪಿಲ್ಲದ ಹಸಿರು. ಎಡ ಮಡ್‌ಗಾರ್ಡಿನ ನಗ್ಗನ್ನು ನೆಟ್ಟಗೆ ಮಾಡಲಿಲ್ಲ. ಕೆಳಗಿನ ತುಕ್ಕನ್ನು ಕೆರೆದು, ನಗ್ಗನ್ನು ಹಾಗೆಯೇ ಬಿಟ್ಟು ಬಣ್ಣ ಹಚ್ಚಿದ್ದಾರೆ.

ಇಷ್ಟು ಹಣವನ್ನು ಒಂದು ಬಡ ವಿದ್ಯಾರ್ಥಿಯ ಓದಿಗೆ ಕೊಡಬಹುದಿತ್ತಲ್ಲವೆ ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಸಾಲ ಮಾಡಿ, ದಾಸೋಹವನ್ನು ನಿಲ್ಲಿಸಿ, ನಾಲ್ಕು ಜನ ನೋಡಲೆಂದು ಇಂಥ ಕೆಲಸಕ್ಕೆ ಕೈಹಾಕುವುದನ್ನು ನಾನು ಎಂದೂ ಒಪ್ಪೆ. ಆದರೆ ನನ್ನ ಹಿಂದಿನ ಸಲಹೆಯಲ್ಲಿ ಒಂದು ದೋಷವಿತ್ತು. ವಸ್ತುವಿನ ಮೇಲಣ ಮೋಹ ಬೇರೆ, ವಸ್ತುವಿನ ಮೂಲಕ ನಡೆದ ಸೇವೆಯ ಋಣ ಬೇರೆ. ಆ ಜೀಪು ತಂದ ಜೋಳವನ್ನು ಉಂಡವನು ನಾನು. ಉಂಡವನೇ ಅದನ್ನು ಗುಜರಿಗೆ ಕೊಡಿರೆಂದು ಹೇಳಿದೆ. ಆ ಮನೆಯ ತಾಯಿಯ ಮುಂದೆ ಈ ಮಾತನ್ನು ಒಪ್ಪಿಕೊಂಡೆ. ಅವರು ನಕ್ಕು, "ನೀವು ಅಂದು ಹೇಳಿದ್ದನ್ನು ನಾವು ಕೇಳಲೇ ಇಲ್ಲವಲ್ಲ, ಬಿಡಿ" ಎಂದು ಮಜ್ಜಿಗೆ ತಂದಿಟ್ಟರು.

ಇಂಥ ಹಳೆಯ ವಾಹನ ನಿಮ್ಮ ಮನೆಯಲ್ಲಿಯೂ ಇದ್ದರೆ ನಾಲ್ಕು ಸಂಗತಿ ನೆನಪಿಡಿರಿ. ಮಾಲೀಕರು ಲಿಂಗೈಕ್ಯರಾದ ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ನೋಂದಣಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪರದೆಯನ್ನೂ ಅದಕ್ಕೆ ತಾಳುವಂಥವಕ್ಕೆ ಬದಲಿಸಬೇಕು. ಎಥೆನಾಲ್ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ವಾಹನದ ಟ್ಯಾಂಕಿನಲ್ಲಿ ಪೆಟ್ರೋಲನ್ನು ಬಿಡಬಾರದು. ಬ್ರೇಕಿನ ಎಣ್ಣೆಯೂ ತೇವವನ್ನು ಹೀರುವಂಥದೇ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ವಾಹನವನ್ನು ಆಗಾಗ ಓಡಿಸುತ್ತಿರಬೇಕು. ಓಡುವುದಕ್ಕಿಂತ ನಿಲ್ಲುವುದರಿಂದಲೇ ಹೆಚ್ಚು ಜೀಪುಗಳು ಹಾಳಾಗಿವೆ ಎಂದು ಮೆಕ್ಯಾನಿಕರು ಹೇಳಿದರು.

ಕಳೆದ ಜಾತ್ರೆಗೆ ಕಿನ್ನಾಳದಿಂದ ಹೊರಟ ರೊಟ್ಟಿಯ ಬುಟ್ಟಿಗಳಲ್ಲಿ ಕೆಲವು ಆ ಜೀಪಿನಲ್ಲಿ ಹೋದವು. ಕಿರಿಯವನು ಓಡಿಸುತ್ತಿದ್ದ. ಪಕ್ಕದಲ್ಲಿ ಮಡಿಲಲ್ಲಿ ಬುಟ್ಟಿ ಹಿಡಿದು ಕುಳಿತಿದ್ದವನು ಹಿರಿಯ ಮಗ.