ಗೆಳೆತನದ ನಷ್ಟ ಯಾರ ಲೆಕ್ಕಕ್ಕೆ?

ಸಂಗಾತಿಗಳೇ, ಕೊರೊನಾ ಕಾಲದ "ಕಲಿಕಾ ನಷ್ಟ"ದ ಬಗ್ಗೆ ಬೇಕಾದಷ್ಟು ಸಭೆ ಆದವು. ಆಟಿಸಂ ಇರೋ ಮಕ್ಕಳು ಕಳಕೊಂಡ ಗೆಳೆಯರ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಂಥ ಮಕ್ಕಳು ಒಂಟಿಯಾಗೇ ಇರ್ತಾರಲ್ಲ, ಗೆಳೆಯರು ಯಾಕೆ?" ಅಂತ ನಮ್ಮವರೇ ಕೇಳಿದ್ದಾರೆ. ಅದು ಸುಳ್ಳು.

ನನ್ನ ಅಕ್ಕನ ಮಗನಿಗೆ ಆಟಿಸಂ. ಮಾತು ಕಡಿಮೆ. ಸರ್ಕಾರಿ ಶಾಲೆಯ ಮೂರನೇ ಕ್ಲಾಸಲ್ಲಿ ಅವನಿಗೊಬ್ಬ ಗೆಳೆಯ ಇದ್ದ. ಕ್ಷೀರಭಾಗ್ಯದ ಹಾಲು ಕೊಡೋ ಹೊತ್ತಿಗೆ ಆ ಹುಡುಗ ಎರಡು ಲೋಟ ತರ್ತಿದ್ದ. ಇಬ್ಬರೂ ಅದೇ ಕಂಬದ ಹತ್ತಿರ ಪಕ್ಕಪಕ್ಕ ಕೂತು ಕುಡೀತಿದ್ರು. ಮಾತಿಲ್ಲ, ಕತೆಯಿಲ್ಲ. ಗೆಳೆತನ ಅಂದ್ರೆ ಅವರಿಗೆ ಅಷ್ಟೇ.

2020ರ ಮಾರ್ಚಲ್ಲಿ ಶಾಲೆ ಮುಚ್ಚಿತು. 1ರಿಂದ 5ನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 19 ತಿಂಗಳು! "ಫೋನಲ್ಲಿ ಮಾತಾಡ್ಸಿ" ಅಂದ್ರು. ಮಾತಿನ ಮೇಲೆ ನಿಂತಿಲ್ಲದ ಗೆಳೆತನ ಫೋನಲ್ಲಿ ಹೇಗೆ ಉಳಿಯುತ್ತೆ? ಅದಕ್ಕೆ ಅದೇ ಜಾಗ, ಅದೇ ಹೊತ್ತು, ಪಕ್ಕದಲ್ಲಿ ಅದೇ ಹುಡುಗ ಬೇಕು.

ಇನ್ನೊಂದು ಮಾತು. ಆ ಹುಡುಗನ ಮನೆ ಊರೊಳಗೆ, ನಮ್ಮದು ಕೇರಿ. ಅವರಿಬ್ಬರೂ ಪಕ್ಕಪಕ್ಕ ಕೂರೋಕೆ ಇದ್ದ ಜಾಗ ಶಾಲೆಯೊಂದೇ. "ಸಾಮಾಜಿಕ ಅಂತರ" ಅನ್ನೋ ಪದ ನಮಗೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಆ ಮಾರ್ಚಲ್ಲಿ "ದೈಹಿಕ ಅಂತರ" ಅನ್ನಿ ಎಂದಿತು. ನಮ್ಮಲ್ಲಿ ಹಳೇ ಪದವೇ ಗೋಡೆ ಮೇಲೆ ಉಳೀತು.

ಶಾಲೆ ತೆರೆದ ದಿನ ನಮ್ಮ ಹುಡುಗ ನೇರ ಹೋಗಿ ಕಂಬದ ಹತ್ತಿರ ಕೂತ. ಗೆಳೆಯ ಬೇರೆಯವರ ಜೊತೆ ಆಟಕ್ಕೆ ಓಡಿದ. ಅವನ ತಪ್ಪಲ್ಲ, ಅವನೂ ಮಗು. ದೊಡ್ಡವರು ಇಬ್ಬರನ್ನೂ ಮತ್ತೆ ಜೊತೆಗೆ ಕೂರಿಸಬಹುದಿತ್ತು. "ಸಿಲಬಸ್ ಹಿಂದಿದೆ" ಅಂದ್ರು.

ಆಟಿಸಂ ಸೇರಿ 21 ಬಗೆಯ ಅಂಗವೈಕಲ್ಯ ಗುರುತಿಸಿದ 2016ರ ಕಾಯ್ದೆ, ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಒಟ್ಟಿಗೆ ಕಲೀಬೇಕು ಅನ್ನುತ್ತೆ. ಒಟ್ಟಿಗೆ ಅಂದ್ರೆ ಹಾಜರಿ ಪುಸ್ತಕದಲ್ಲಿ ಮಾತ್ರವಾ? ಇಂಥ ಪ್ರತಿ ಮಗುವಿನ ಕಲಿಕಾ ಯೋಜನೆಯಲ್ಲಿ ಅದರ ಗೆಳೆಯರ ಹೆಸರೂ ಇರಲಿ. ನಾಳೆ ಮತ್ತೆ ಶಾಲೆ ಮುಚ್ಚೋ ಕಾಲ ಬಂದ್ರೆ, ಮರದ ನೆರಳಲ್ಲಿ ಇಬ್ಬರನ್ನಾದರೂ ಅದೇ ಹೊತ್ತಿಗೆ ಕೂರಿಸೋ ಏರ್ಪಾಡು ಮೊದಲೇ ಆಗಲಿ.

ಆಗ ನಾನೇ ಟೈಪ್ ಮಾಡಿದ ಮನವಿ ಪತ್ರಗಳಲ್ಲಿ ರೇಷನ್, ಮೊಬೈಲ್, ಸ್ಕಾಲರ್‌ಶಿಪ್ ಎಲ್ಲ ಇತ್ತು. ಇದು ಇರಲಿಲ್ಲ. ಮುಂದಿನ ಮನವಿಯಲ್ಲಿ ಇರುತ್ತೆ. ನೀವೂ ಸೇರಿಸಿ.

ಜೈಭೀಮ್.