ಸಂಘ ಸಂಸ್ಥೆಗಳ ವಿಮೆ

ಕನ್ನಡ ನಾಡಿನಲ್ಲಿ ಸಂಘ ಸಂಸ್ಥೆಗಳಿಗೆ ಬಡತನವಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಜನ್ಮವೆತ್ತಿದಂದಿನಿಂದ ವಾಚನಾಲಯ, ನಾಟಕ ಮಂಡಲಿ, ವ್ಯಾಯಾಮಶಾಲೆ, ಅನಾಥಾಲಯಗಳು ಮಹಾಜನರ ವಂತಿಗೆಯಿಂದ ಊರೂರಲ್ಲಿ ಬೆಳೆದು ಬಂದಿವೆ. ಈ ಸ್ವತ್ತು ಯಾರೊಬ್ಬರದೂ ಅಲ್ಲ. ಆದುದರಿಂದಲೇ ಅದರ ರಕ್ಷಣೆಯ ಚಿಂತೆಯೂ ಯಾರೊಬ್ಬರಿಗೂ ಇಲ್ಲದಂತಾಗಿದೆ.

"ನಮ್ಮ ಸಂಘಕ್ಕೆ ವಿಮೆಯಿದೆ" ಎಂದು ಕಾರ್ಯದರ್ಶಿಗಳು ಹೇಳುವುದುಂಟು. ಎಷ್ಟು ಮೊತ್ತಕ್ಕೆ, ಯಾವ ಅಪಾಯಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ಎಂದೋ ಬರೆಯಿಸಿದ ಪಾಲಿಸಿಗೆ ವರ್ಷ ವರ್ಷವೂ ಕಂತು ಕಟ್ಟುವುದೇ ವಾಡಿಕೆಯಾಗಿದೆ. ಇದರ ಫಲವನ್ನು ವಾಚಕರು ಒಂದು ಲೆಕ್ಕದಿಂದ ತಿಳಿಯಬಹುದು. ಇಂದು 40 ಲಕ್ಷ ರೂಪಾಯಿ ಬಾಳುವ ಕಟ್ಟಡಕ್ಕೆ 10 ಲಕ್ಷದ ಅಗ್ನಿವಿಮೆ ಇದೆಯೆನ್ನೋಣ. ಬೆಂಕಿಯಿಂದ 8 ಲಕ್ಷದ ನಷ್ಟವಾದರೆ, ವಿಮೆಯ ಮೊತ್ತ 10 ಲಕ್ಷವಿದ್ದರೂ ಸಂಘಕ್ಕೆ ಸಾಮಾನ್ಯವಾಗಿ ದೊರೆಯುವುದು 2 ಲಕ್ಷ ಮಾತ್ರ. ಬೆಲೆಯ ಕಾಲು ಪಾಲಿಗೆ ವಿಮೆ ಮಾಡಿಸಿದವರು ಉಳಿದ ಮುಕ್ಕಾಲು ಪಾಲಿನ ಹಾನಿಯನ್ನು ತಾವೇ ಹೊತ್ತಂತೆ ಎಂಬುದು ಈ ವ್ಯವಹಾರದ ನಿಯಮ.

ಕಟ್ಟಡವೊಂದೇ ವಿಷಯವಲ್ಲ. ಉತ್ಸವದ ಚಪ್ಪರ ಕುಸಿದು ಪ್ರೇಕ್ಷಕರಿಗೆ ಗಾಯವಾದರೆ ಅಗ್ನಿವಿಮೆ ನೆರವಿಗೆ ಬಾರದು. ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಬೇರೆಯೇ ಬೇಕು. ಕೆಲಸದಲ್ಲಿ ಗಾಯಗೊಂಡ ನೌಕರನಿಗೆ ಪರಿಹಾರ ಕೊಡುವ ಕಾನೂನು 1923ರಲ್ಲಿಯೇ ಬಂದಿತು. ಆದರೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕನು ನೌಕರರ ವಿಮೆಯೊಳಗೆ ತಾನಾಗಿ ಸೇರುವುದಿಲ್ಲ. ಅವನಿಗಾಗಿ ಅಪಘಾತ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಹಣ ನಿರ್ವಹಿಸುವ ಗುಮಾಸ್ತನು ವಂಚಿಸಿದರೆ ನಷ್ಟ ತುಂಬುವ ವಿಮೆಯೂ ಉಂಟು.

ಸೇವೆಗೆಂದು ಕೂಡಿಸಿದ ಹಣವನ್ನು ವಿಮಾ ಕಂಪೆನಿಗೆ ಸುರಿಯಬೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಬಡ ಸಂಸ್ಥೆಗೆ ಕಂತು ಭಾರವೆಂಬುದು ದಿಟ. ಆದರೆ ಕಳೆದುಕೊಂಡುದನ್ನು ಮತ್ತೆ ಗಳಿಸುವ ಶಕ್ತಿ ಯಾರಿಗಿಲ್ಲವೋ ಅವರಿಗೇ ವಿಮೆಯ ಅಗತ್ಯ ಹೆಚ್ಚು. ಎಲ್ಲ ವಿಮೆಯನ್ನೂ ಕೊಳ್ಳಿರೆಂದು ನಾವು ಹೇಳುವುದಿಲ್ಲ; ಸಂಸ್ಥೆಯನ್ನು ಮುಳುಗಿಸಬಲ್ಲ ಅಪಾಯ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿರಿ ಎನ್ನುತ್ತೇವೆ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಲೇಬೇಕು. ಆ ಸಭೆಯಲ್ಲಿ ಲೆಕ್ಕಪತ್ರಗಳೊಡನೆ ವಿಮೆಯ ಪಾಲಿಸಿಯನ್ನೂ ಓದಿ, ಸ್ವತ್ತಿನ ಇಂದಿನ ಬೆಲೆಯೊಡನೆ ಹೋಲಿಸಿ ನೋಡಲಿ. ಕಾರ್ಯದರ್ಶಿಗಳು ತಾವಾಗಿ ಓದದಿದ್ದರೆ ಸದಸ್ಯರು ಎದ್ದು ಕೇಳಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ವಿವೇಕಿಗಳ ಲಕ್ಷಣವಲ್ಲ.