ಇಂಗಾಲ ಇಳಿದದ್ದು ಯಾತಕ್ಕೆ?

1990ರ ದಶಕದಲ್ಲಿ ರಷ್ಯಾ ಹೊರಸೂಸುವ ಇಂಗಾಲದ ಡೈಆಕ್ಸೈಡ್ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಸೋವಿಯತ್ ಒಕ್ಕೂಟ ಒಡೆದು ಕಾರ್ಖಾನೆಗಳು ನಿಂತವು, ಸಂಬಳ ನಿಂತಿತು, ಜನರ ಸರಾಸರಿ ಆಯುಸ್ಸೂ ತಗ್ಗಿತು. ಇದನ್ನು ಪರಿಸರದ ಗೆಲುವೆಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಇಂಗಾಲ ಇಳಿಯಿತೇ ಎಂದಷ್ಟೇ ಕೇಳಿದರೆ ಸಾಲದು, ಯಾತಕ್ಕೆ ಇಳಿಯಿತು ಎಂದೂ ಕೇಳಬೇಕು.

ಜಪಾನಿನ ಯೋಯಿಚಿ ಕಾಯಾ ಈ ಲೆಕ್ಕವನ್ನು ನಾಲ್ಕು ಅಂಶಗಳ ಗುಣಾಕಾರವಾಗಿ ಬಿಡಿಸಿಟ್ಟರು: ಜನಸಂಖ್ಯೆ, ತಲಾ ಉತ್ಪನ್ನ, ಅಷ್ಟು ಉತ್ಪನ್ನಕ್ಕೆ ಖರ್ಚಾಗುವ ಶಕ್ತಿ, ಆ ಶಕ್ತಿಯಲ್ಲಿರುವ ಇಂಗಾಲ. ರಷ್ಯಾದಲ್ಲಿ ಮುಖ್ಯವಾಗಿ ಬಿದ್ದದ್ದು ಎರಡನೆಯದು. ಬಡ ದೇಶಗಳಿಗೆ ಆ ದಾರಿ ತೋರಿಸುವ ಹಕ್ಕು ಯಾರಿಗೂ ಇಲ್ಲ. ಮೊದಲನೆಯ ಅಂಶವನ್ನು ಹಿಡಿದು ನಮ್ಮತ್ತ ಬೆರಳು ತೋರಿಸುವವರಿದ್ದಾರೆ. ಆದರೆ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕನ್ನನದು ಸುಮಾರು 14 ಟನ್. ತಲೆ ಎಣಿಸಿದ ಮಾತ್ರಕ್ಕೆ ಹೊಣೆ ತೀರ್ಮಾನವಾಗುವುದಿಲ್ಲ.

ಬ್ರಿಟನ್ನಿನದು ಬೇರೆ ಕತೆ. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಶೇ. 40 ಕಲ್ಲಿದ್ದಲಿನದು. ಮರುವರ್ಷ ವಿದ್ಯುತ್ ಸ್ಥಾವರಗಳು ಸುಡುವ ಇಂಗಾಲಕ್ಕೆ ಸರ್ಕಾರ ಕನಿಷ್ಠ ಬೆಲೆ ಕಟ್ಟಿತು. ಕಲ್ಲಿದ್ದಲು ದುಬಾರಿಯಾಯಿತು, ಅನಿಲ ಅದರ ಜಾಗಕ್ಕೆ ಬಂತು, ಸಮುದ್ರದಲ್ಲಿ ಗಾಳಿಯಂತ್ರಗಳು ಎದ್ದವು. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ರಾಟ್‌ಕ್ಲಿಫ್ ಮುಚ್ಚಿತು. ದೇಶ ಬಡವಾಗದೆಯೇ ನಾಲ್ಕನೆಯ ಅಂಶ ಇಳಿಯಿತು. ಅವರು ಕೊಳ್ಳುವ ಚೀನಾ ಸರಕಿನ ಇಂಗಾಲ ಚೀನಾದ ಖಾತೆಗೆ ಹೋಗುತ್ತದೆ, ನಿಜ. ಅದನ್ನು ಸೇರಿಸಿದರೆ ಇಳಿಕೆ ಕಿರಿದಾಗುತ್ತದೆ, ಇಲ್ಲವಾಗುವುದಿಲ್ಲ.

ಹಾಗಾಗಿ ನಾವು ಹಿಡಿಯಬೇಕಾದ್ದು ಈ ನಾಲ್ಕನೆಯದನ್ನೇ ಎನ್ನುವುದು ನನ್ನ ಗಟ್ಟಿ ನಂಬಿಕೆ. ಪಾವಗಡದ ಒಣನೆಲದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನ ಮೇಲೆ 2,000 ಮೆಗಾವ್ಯಾಟ್ ಮೀರಿದ ಸೌರ ಪಾರ್ಕ್ ನಿಂತಿದೆ. ಆದರೂ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಬೇಡಿಕೆ ಏರುತ್ತಿದೆ, ಸಂಜೆ ಸೂರ್ಯ ಮುಳುಗಿದ ಮೇಲೂ ಊರಿಗೆ ಕರೆಂಟು ಬೇಕು. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆಗೆ ಬಳಸಲೆಂದು ಶರಾವತಿಯಲ್ಲಿ ರೂಪಿಸಿದ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಅಭಯಾರಣ್ಯವನ್ನೇ ಹೊಕ್ಕಿದೆ. ಕಾಡು ಕಡಿಯದೆ ಸಂಜೆಯ ವಿದ್ಯುತ್ತನ್ನು ಕೂಡಿಡುವುದು ಹೇಗೆ ಎಂಬುದಕ್ಕೆ ಬ್ಯಾಟರಿಯೂ ಸೇರಿದಂತೆ ಬೇರೆ ದಾರಿಗಳನ್ನು ಸರ್ಕಾರ ಜನರ ಮುಂದಿಟ್ಟು ಚರ್ಚಿಸಬೇಕು.